ಪ್ರೆಸ್ಸಿನ ಹಿಂದೆ ನಿಂತವಳು

ಸಂಜೆ ಹಿಡಿದ ಮಳೆ ದೀಪ ಹಾಕುವ ಹೊತ್ತಾದರೂ ಬಿಡಲಿಲ್ಲ. ಹಳೇ ಮಷೀನುಗಳನ್ನು ಕೊಂಡು ಮಾರುವ ದೊಡ್ಡಮ್ಮನ ಅಂಗಳ ಪೂರ್ತಿ ಕೆಸರಾಗಿತ್ತು. ನಾನೂ ನನ್ನ ಭಾವನೂ ಸೇರಿ ಕೊಂಡಿದ್ದ ತಗಡು ಒತ್ತಿ ಆಕಾರ ಕೊಡುವ ಒಂದು ಸಣ್ಣ ಪ್ರೆಸ್ಸನ್ನು ಲಾರಿಗೆ ಏರಿಸಲು ಬಂದ ಕ್ರೇನು ಗೇಟಿನ ಹತ್ತಿರವೇ ಗಾಲಿ ಹೂತುಕೊಂಡು ಕೂತುಬಿಟ್ಟಿತ್ತು. ಕರೆಂಟೂ ಹೋಗಿತ್ತು. ತಗಡಿನ ಶೆಡ್ಡಿನೊಳಗೆ, ಟಾರ್ಪಾಲು ಹೊದ್ದು ಸಾಲಾಗಿ ನಿಂತ ಲೇತು, ಡ್ರಿಲ್ಲುಗಳ ನಡುವೆ, ಕ್ರೇನಿನವನು, ಲಾರಿಯವನು, ಭಾವ, ನಾನು ಮರದ ಪೆಟ್ಟಿಗೆಗಳ ಮೇಲೆ ಕುಳಿತು ಟೀ ಕುಡಿಯುತ್ತಿದ್ದೆವು. ಕುರ್ಚಿಯಲ್ಲಿ ದೊಡ್ಡಮ್ಮ. ಅವರು ಯಾರಿಗೆ ದೊಡ್ಡಮ್ಮನೋ ಗೊತ್ತಿಲ್ಲ, ಈ ವ್ಯಾಪಾರದಲ್ಲಿರುವವರೆಲ್ಲ ಹಾಗೇ ಕರೆಯುವುದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದನ್ನೆಲ್ಲ ನಡೆಸುತ್ತ ಬಂದವರು. ಚೌಕಾಸಿಗೆ ಬಂದವರ ಬೆವರಿಳಿಸಿ ಕಳಿಸುವುದರಲ್ಲಿ ಎತ್ತಿದ ಕೈ.

ಸುಮ್ಮನಿರಲಾರದೆ ಭಾವ ಕೇಳಿದ: "ದೊಡ್ಡಮ್ಮ, ಆ ಪ್ರೆಸ್ಸಿಗೆ ಎರಡು ಗುಂಡಿ ಇದೆಯಲ್ಲ, ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಬೇಕು. ಕೆಲಸ ನಿಧಾನ ಆಗುತ್ತೆ. ನಿಮ್ಮ ಎಲೆಕ್ಟ್ರಿಷಿಯನ್ನಿಗೆ ಹೇಳಿ ಒಂದೇ ಗುಂಡಿ ಮಾಡಿಸಿಕೊಡಿ. ಇನ್ನೊಂದು ಕೈಲಿ ತಗಡು ಹಾಕ್ತಾ ಇರಬಹುದು."

ದೊಡ್ಡಮ್ಮ ಲೋಟವನ್ನು ಕೆಳಗಿಟ್ಟರು. ಶಾಲನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡರು. ತಗಡಿನ ಮೇಲೆ ಮಳೆಯ ಸದ್ದು ಸ್ವಲ್ಪ ಇಳಿಯುವವರೆಗೆ ಕಾದು ಶುರುಮಾಡಿದರು.

ಒಂದೇ ಗುಂಡಿ ಸಾಕು ಅಂತೀಯಲ್ಲಪ್ಪಾ... ಸಾಕು, ಯಾಕೆ ಸಾಲ್ದು? ಮಷೀನಿಗೇನು, ಒಂದು ಕೈ ಒತ್ತಿದ್ರೂ ಇಳಿಯುತ್ತೆ, ಎರಡು ಕೈ ಒತ್ತಿದ್ರೂ ಇಳಿಯುತ್ತೆ. ಉಳಿದ ಕೈ ಎಲ್ಲಿದೆ ಅಂತ ಅದಕ್ಕೇನು ಗೊತ್ತು? ಆದ್ರೆ ಒಂದು ಮಷೀನಿಗೆ ಗೊತ್ತಿತ್ತು... ಹೇಳ್ತೀನಿ, ಕೂತ್ಕೊಳ್ಳಿ. ಈ ಮಳೇಲಿ ಎಲ್ಲಿಗೆ ಹೋಗೋಕಾಗುತ್ತೆ ನೀವು? ಮಧ್ಯೆ ಮಧ್ಯೆ ಬಾಯಿ ಮಾತ್ರ ಹಾಕಬೇಡಿ. ನಂಗೆ ಮೂಗಿನ ತುದೀಲೇ ಕೋಪ, ಗೊತ್ತಲ್ಲ.

ನಮ್ಮೆಜಮಾನರು ಇದ್ದಾಗಿನ ಮಾತು. ಯಾವುದಾದ್ರೂ ಫ್ಯಾಕ್ಟ್ರಿ ಬಾಗಿಲು ಹಾಕುತ್ತೆ ಅಂದ್ರೆ ಅಲ್ಲಿ ಕೆಲಸ ಮಾಡೋರಿಗಿಂತ ಮೊದಲು ಇವರಿಗೆ ಸುದ್ದಿ ಬರೋದು. ನಾನೂ ಜೊತೇಲಿ ಹೋಗ್ತಿದ್ದೆ. ಅವರು ಮಷೀನಿಗೆ ಕಿವಿ ಕೊಟ್ಟು ಬೇರಿಂಗ್ ಸದ್ದು ಕೇಳೋರು, ನಾನು ಆ ಮಷೀನಿನ ಮುಂದೆ ನಿಂತು ಬದುಕಿದವರ ಗುರುತು ನೋಡ್ತಿದ್ದೆ. ಇರುತ್ತೆ ಕಣ್ರಪ್ಪಾ... ಹಿಡಿ ಮೇಲೆ ಹೆಬ್ಬೆರಳು ಸವೆಸಿದ ಜಾಗ ಇರುತ್ತೆ, ಕೆಳಗೆ ಸಿಮೆಂಟು ಪಾದದ ಅಳತೆಗೆ ನುಣುಪಾಗಿರುತ್ತೆ, ಯಾರೋ ಮೂಲೇಲಿ ಒಂದು ಬಾಚಣಿಗೆ ಸಿಕ್ಕಿಸಿ ಮರೆತು ಹೋಗಿರ್ತಾರೆ. ಇವರು ತಂದು ಎಲ್ಲಕ್ಕೂ ಒಂದೇ ಹಸಿರು ಬಣ್ಣ ಬಳಿಸಿಬಿಡೋರು. ಬಣ್ಣ ಬಿತ್ತು ಅಂದ್ರೆ ಮುಗೀತು, ಅಲ್ಲಿ ಯಾರೂ ನಿಂತೇ ಇರ್ಲಿಲ್ಲ. ನಂಗೆ ಸಂಕಟ ಆಗೋದು. ಹೇಳಿದ್ರೆ ನಗೋರು, "ನೀನು ಮಷೀನು ಕೊಳ್ಳೋಕೆ ಬರ್ತೀಯೋ, ಅಳೋಕೆ ಬರ್ತೀಯೋ" ಅಂತ.

ಹಾಗೆ ಒಂದು ಪ್ರೆಸ್ಸು ಬಂತು. ಪಾತ್ರೆ ಮುಚ್ಚಳ ಮಾಡೋ ಫ್ಯಾಕ್ಟ್ರಿದು. ನೀವು ಕೊಂಡಿರೋ ಪುಟಾಣಿ ಥರ ಅಲ್ಲ, ತಲೆ ಈ ಶೆಡ್ಡಿನ ಸೂರಿಗೆ ತಾಗೋದು. ಇಬ್ಬರು ಸೇರಿ ನಡೆಸೋ ಪ್ರೆಸ್ಸು ಅದು. ಮುಂದೆ ನಿಂತೋರು ತಗಡು ಒಳಗೆ ತಳ್ಳಬೇಕು, ಮೇಲಿನ ಅಚ್ಚು ಧಡ್ ಅಂತ ಇಳಿದು ತಗಡು ಮುಚ್ಚಳ ಆಗುತ್ತೆ, ಹಿಂದೆ ನಿಂತೋರು ಅದನ್ನ ಈಚೆಗೆ ಎಳ್ಕೊಂಡು ಅಂಚಿನ ಚೂರು ಕಿತ್ತು ಹಾಕಬೇಕು. ಮಧ್ಯೆ ಕಬ್ಬಿಣದ ಗೋಡೆ ಇದ್ದ ಹಾಗೆ, ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ಅದಕ್ಕೇ ಮುಂದೆ ಎರಡು ಗುಂಡಿ, ಹಿಂದೆ ಎರಡು ಗುಂಡಿ. ನಾಲ್ಕೂ ಒಟ್ಟಿಗೆ ಒತ್ತಿದ್ರೇನೇ ಅಚ್ಚು ಇಳಿಯೋದು. ಅಂದ್ರೆ ನಾಲ್ಕು ಕೈಯೂ ಹೊರಗಿದೆ ಅಂತ. ಯಾವ ಪುಣ್ಯಾತ್ಮ ಯೋಚನೆ ಮಾಡಿ ಮಾಡಿದ್ನೋ...

ಆದ್ರೆ ನಮಗೆ ಬಂದಾಗ ಹಿಂದಿನ ಎರಡೂ ಗುಂಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದ್ರು. ಯಾವಾಗ್ಲೂ ಒತ್ತಿದ ಹಾಗೇ ಇರ್ಲಿ, ಹಿಂದಿನವರ ಕೈ ಖಾಲಿ ಇದ್ರೆ ಬೇಗ ಬೇಗ ಮುಚ್ಚಳ ಎಳೀಬಹುದು ಅಂತ. ಹೊಸದೇನಲ್ಲ, ಸಣ್ಣ ಫ್ಯಾಕ್ಟ್ರೀಲಿ ಎಲ್ಲರೂ ಮಾಡೋದೇ. ನಮ್ಮೆಜಮಾನರು ಇನ್ನೂ ಜಾಣರು. ಹಿಂದಿನ ಗುಂಡಿ ಪೆಟ್ಟಿಗೇನೇ ಬಿಚ್ಚಿಸಿ, ವೈರು ಒಳಗೊಳಗೇ ಸೇರಿಸಿ, ತೂತಿಗೆ ತಗಡು ಬಡಿಸಿ, ಮೇಲೆ ಹಸಿರು ಹೊಡೆಸಿದ್ರು. ಒಬ್ಬನೇ ನಡೆಸೋ ಪ್ರೆಸ್ಸು ಅಂದ್ರೆ ಬೇಗ ಮಾರಿ ಹೋಗುತ್ತಲ್ಲ? ಹಿಂದಿನ ಕಂಬದಲ್ಲಿ ಭುಜದೆತ್ತರಕ್ಕೆ ಯಾರೋ ಒರಗಿ ಒರಗಿ ಬಣ್ಣ ಹೋಗಿ ಹೊಳೀತಿತ್ತು. ಎತ್ತರ ನೋಡಿದ್ರೆ ಹೆಂಗಸು ಅನ್ನಿಸ್ತು ನಂಗೆ. ಅದರ ಮೇಲೂ ಹಸಿರು ಬಿತ್ತು.

ಬಣ್ಣ ಒಣಗಿದ ಮೇಲೆ ಓಡಿಸಿ ನೋಡಿದ್ರು. ಮೋಟ್ರು ತಿರುಗ್ತು, ದೊಡ್ಡ ಗಾಲಿ ತಿರುಗ್ತು, ಗುಂಡಿ ಒತ್ತಿದ್ರು... ಒಳಗೆ ಟಕ್ ಅಂತು. ಅಷ್ಟೇ. ಅಚ್ಚು ಮೇಲೇ ನಿಂತಿದೆ. ಮತ್ತೆ ಒತ್ತಿದ್ರು. ಟಕ್. ನಮ್ಮ ಎಲೆಕ್ಟ್ರಿಷಿಯನ್ ಒಬ್ಬರಿದ್ರು, ಎಲ್ಲರೂ ಕರೆಂಟ್ ಮಾವ ಅನ್ನೋರು. ಜಗತ್ತಲ್ಲಿ ತನಗೆ ಗೊತ್ತಿಲ್ಲದ ವೈರು ಇಲ್ಲ ಅನ್ನೋ ಆಸಾಮಿ. ಆತ ಟೆಸ್ಟರ್ ಹಿಡ್ಕೊಂಡು ವಾರಗಟ್ಟಲೆ ಅದರ ಹೊಟ್ಟೇಲೇ ಸಂಸಾರ ಮಾಡಿದ. ವೈರು ಸರಿ, ಸ್ವಿಚ್ಚು ಸರಿ. ಕ್ಲಚ್ಚು ಬಿಚ್ಚಿ ನೋಡಿದ್ರು, ಅದೂ ಸರಿ. ನೋಡೋಕೆ ಬಂದ ಗಿರಾಕಿಗಳು ತಲೆ ಅಲ್ಲಾಡಿಸಿ ಹೋದ್ರು. ನಮ್ಮೆಜಮಾನರ ಮುಖ ಸಣ್ಣಗಾಯ್ತು. ಗ್ಯಾಸ್ ಕಟರ್ ಹಾಕಿ ಕತ್ತರಿಸಿ ಗುಜರಿಗೆ ತೂಕಕ್ಕೆ ಹಾಕಿಬಿಡೋಣ ಅನ್ನೋವರೆಗೂ ಬಂತು.

ಆಗ ಬಂದ ಅವನು. ಬೆಳ್ಳಂಬೆಳಗ್ಗೆ, ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಯಾರದೋ ಮನೆಗೆ ನೆಂಟನಾಗಿ ಬಂದವನ ಹಾಗೆ ಗೇಟಿನ ಹತ್ತಿರ ನಿಂತಿದ್ದ. "ಅಕ್ಕಾ, ಮುಚ್ಚಳದ ಫ್ಯಾಕ್ಟ್ರಿ ಪ್ರೆಸ್ಸು ಇಲ್ಲಿದೆಯಂತೆ. ಒಂದ್ಸಲ ನೋಡಬಹುದಾ?" ಅಂದ. ಕೊಳ್ಳೋನಲ್ಲ ಅಂತ ಮುಖದಲ್ಲೇ ಬರೆದಿತ್ತು, ಆದ್ರೂ ಒಳಗೆ ಬಿಟ್ಟೆ. ಹೋಗಿ ಅದರ ಮುಂದೆ ನಿಂತ. ಹಸಿರು ಬಣ್ಣ ನೋಡಿ ಒಂದು ಗಳಿಗೆ ಗುರುತು ಸಿಗದೆ ಪಿಳಿಪಿಳಿ ಕಣ್ಣು ಬಿಟ್ಟ. ಕರೆಂಟ್ ಮಾವ ಅಣಕಿಸಿದ, "ಏನಣ್ಣಾ, ನೀನೂ ಒಂದು ಕೈ ನೋಡ್ತೀಯಾ? ಅಳಿಯನ ಥರ ಮುನಿಸ್ಕೊಂಡು ಕೂತಿದೆ." ಅವನು ಎರಡೂ ಗುಂಡಿ ಮೇಲೆ ಕೈ ಇಟ್ಟ. ಆಮೇಲೆ, ಪಕ್ಕದ ಕೋಣೇಲಿ ಮಲಗಿರೋರನ್ನ ಎಬ್ಬಿಸೋ ಹಾಗೆ ಮೆಲ್ಲಗೆ ಕೇಳಿದ:

"ಒತ್ಲಾ?"

ಒತ್ತಿದ. ಪ್ರೆಸ್ಸು ಧಡ್ ಅಂತ ಇಳೀತು. ನೆಲ ಅದುರಿ ನನ್ನ ಕೈಲಿದ್ದ ಟೀ ಚೆಲ್ಲಿತು.

ಕರೆಂಟ್ ಮಾವ ಓಡಿ ಬಂದ, ಲೂಸ್ ಕನೆಕ್ಷನ್ ಇತ್ತು, ಈಗ ಕೂತ್ಕೊಂಡಿದೆ ಅಂತ ತಾನೇ ಒತ್ತಿದ. ಟಕ್. ಇಳೀಲಿಲ್ಲ. ಮತ್ತೆ ಒತ್ತಿದ, ಇಲ್ಲ. ಮುಖ ಕೆಂಪಗೆ ಮಾಡ್ಕೊಂಡು, ಸುತ್ತ ಒಂದ್ಸಲ ನೋಡಿ, ಗಂಟಲು ಸರಿಮಾಡ್ಕೊಂಡು ತಾನೂ ಅಂದ, "ಒ... ಒತ್ಲಾ?" ಇಳೀತು! ಯಾರು ಕೇಳಿದ್ರೂ ಇಳಿಯೋದು. ಕೇಳದೆ ಒತ್ತಿದ್ರೆ ರಾಜ ಬಂದು ಒತ್ತಿದ್ರೂ ಇಲ್ಲ. ಕರೆಂಟ್ ಮಾವ ಟೆಸ್ಟರ್ ಜೇಬಿಗೆ ಹಾಕ್ಕೊಂಡು ಆವತ್ತು ಮನೆಗೆ ಹೋದೋನು, ಆ ಪ್ರೆಸ್ಸಿನ ಹತ್ತಿರ ಮತ್ತೆ ಸುಳೀಲಿಲ್ಲ.

ನಾನು ಅವನನ್ನ ಹೊರಗೆ ಕೂರಿಸಿ ಟೀ ಕೊಟ್ಟೆ. ಲೋಟ ಕೈಲಿ ಹಿಡ್ಕೊಂಡೇ ಹೇಳಿದ. ಗಂಡ ಹೆಂಡ್ತಿ ಇಬ್ಬರೂ ಅದೇ ಪ್ರೆಸ್ಸಲ್ಲಿ, ಇವನು ಮುಂದೆ, ಅವಳು ಹಿಂದೆ. ಫ್ಯಾಕ್ಟ್ರೀಲಿ ಇವರ ಹೆಸರೇ ಮರೆತು ಇವನನ್ನ ಮುಂದಣ್ಣ, ಅವಳನ್ನ ಹಿಂದಕ್ಕ ಅಂತಿದ್ರಂತೆ. ಅಲ್ಲೇ ಕೆಲಸಕ್ಕೆ ಸೇರಿದ್ದು, ಅಲ್ಲೇ ಮೆಚ್ಚಿ ಮದುವೆ ಆಗಿದ್ದು. ಗುಂಡಿಗೆ ಪಟ್ಟಿ ಕಟ್ಟಿದ ಮೇಲೆ ಇವನು ಪ್ರತಿ ಸಲ ಕೇಳೋನು, "ಒತ್ಲಾ?" ಅವಳು ಆ ಕಡೆಯಿಂದ "ಹ್ಞೂಂ, ಒತ್ತು" ಅನ್ನೋಳು. ಕೈ ಒಳಗಿದ್ರೆ "ತಡಿ" ಅನ್ನೋಳು. ದಿನಕ್ಕೆ ಎಷ್ಟು ಸಾವಿರ ಸಲವೋ... ಮನೇಲಿ ಅಷ್ಟು ಮಾತಾಡ್ತಾರಾ ಯಾರಾದ್ರೂ? ಮುಖ ಕಾಣ್ದೇ ಇದ್ರೂ ಇವತ್ತು ಅವಳಿಗೆ ತಲೆನೋವಿದೆ, ಇವತ್ತು ಖುಷಿಯಾಗಿದ್ದಾಳೆ ಅಂತ ಆ ಒಂದು ಹ್ಞೂಂನಲ್ಲೇ ಗೊತ್ತಾಗ್ತಿತ್ತಂತೆ.

ಆಮೇಲೆ? ಆಮೇಲೇನು, ನಮ್ಮನಿಮ್ಮೆಲ್ಲರ ಮನೇಲಿ ಆಗೋದೇ ಆಯ್ತು. ವರ್ಷ ಕಳೀತು. ಅವಳು ಹೆಂಗಿದ್ರೂ ಹ್ಞೂಂ ಅಂತಾಳೆ ಅಂತ ಇವನು ಕೇಳೋದು ಕಡಿಮೆ ಮಾಡಿದ. ಮೊದಮೊದಲು ಅವಳೇ, "ಯಾಕೆ, ನಾಲಗೆ ಬಿದ್ದು ಹೋಯ್ತಾ, ಕೇಳಿ ಒತ್ತೋಕೇನು?" ಅಂತ ರೇಗ್ತಿದ್ಲಂತೆ. ಆಮೇಲೆ ಅವಳೂ ರೇಗೋದು ಬಿಟ್ಲು. ಜಗಳ ಇಲ್ಲ, ಏನಿಲ್ಲ. ಧಡ್ ಧಡ್ ಅಂತ ಪ್ರೆಸ್ಸೊಂದೇ ಮಾತಾಡ್ತಿತ್ತು.

ಒಂದು ದಿನ ತಗಡಿನ ಚೂರು ಅಚ್ಚಿನ ಮೂಲೇಲಿ ಸಿಕ್ಕಾಕ್ಕೊಂಡಿತ್ತು. ಅವಳು ಎರಡೂ ಕೈ ಒಳಗೆ ಹಾಕಿ ಕೀಳ್ತಿದ್ಲು. ಇವನು ಒತ್ತಿದ.

"ಕೇಳಲಿಲ್ಲ ಅಕ್ಕಾ. ಕೇಳಿದ್ರೆ ತಡಿ ಅಂದಿರೋಳು. ಅಷ್ಟೇ ಇದ್ದದ್ದು" ಅಂದ. ಆಸ್ಪತ್ರೆಗೆ ಹೋಗೋ ದಾರೀಲಿ, ವ್ಯಾನಿನಲ್ಲಿ, ಇವನ ತೊಡೆ ಮೇಲೇ ಹೋಗಿಬಿಟ್ಲು. "ಪೂರ್ತಿ ಎಚ್ಚರ ಇತ್ತು ಅವಳಿಗೆ. ನನ್ನ ಮುಖಾನೇ ನೋಡ್ತಿದ್ಲು. ಬೈತಾಳೆ, ಬೈತಾಳೆ ಅಂತ ಕಾದೆ. ಒಂದು ಮಾತು ಬೈಲಿಲ್ಲ ಅಕ್ಕಾ. ಬೈದಿದ್ರೆ ನಾನು ಹೆಂಗೋ ಬದುಕಿಕೊಳ್ತಿದ್ದೆ." ಏನಂತ ಸಮಾಧಾನ ಹೇಳ್ತೀರ ಅಂಥವನಿಗೆ?

ನಮ್ಮೆಜಮಾನರಿಗೆ ಮಾತ್ರ ಹಬ್ಬ. ಓಡೋ ಪ್ರೆಸ್ಸು, ಓಡಿಸೋ ಆಳು ಎರಡೂ ಸಿಕ್ತಲ್ಲ. ಗಿರಾಕಿ ಬಂದಾಗ ಓಡಿಸಿ ತೋರಿಸು ಅಂತ ಅವನನ್ನ ಇಟ್ಕೊಂಡ್ರು. ಅವನು ದಿನಾ ಬರೋನು. ಒರೆಸೋನು, ಎಣ್ಣೆ ಬಿಡೋನು, ಗಿರಾಕಿ ಇರ್ಲಿ ಬಿಡ್ಲಿ ಮುಂದೆ ನಿಂತು ಕೇಳೋನು. ಅಚ್ಚು ಇಳಿದಾಗೆಲ್ಲ ಅವನ ಮುಖ ಅರಳೋದು. ಬೇರೆ ಮಾತೂ ಆಡಿಸಿ ನೋಡ್ತಿದ್ದ ಪಾಪ... "ಊಟ ಮಾಡಿದ್ಯಾ? ಕೋಪಾನಾ? ನೋವಿದೆಯಾ ಇನ್ನೂ?" ಅಂತ. ಅದಕ್ಕೆಲ್ಲ ಜವಾಬಿಲ್ಲ. ಗುಂಡಿ ಒತ್ತಿದ್ರೆ ಬರೀ ಟಕ್. ಬರ್ತಾ ಬರ್ತಾ ಅವನು ಇಳಿದು ಹೋದ, ಅಂಗಿ ಇಸ್ತ್ರಿ ಕಾಣೋದು ನಿಂತು ಹೋಯ್ತು. ಅವಳು ಇಲ್ಲೇ ಇದ್ದಾಳೆ, ಆದ್ರೂ ಬೈತಿಲ್ಲ... ಅದು ಅವನನ್ನ ತಿಂತಾ ಇತ್ತು.

ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬರ್ತೀನಿ, ಶೆಡ್ಡಲ್ಲಿ ಮೋಟ್ರು ತಿರುಗ್ತಾ ಇದೆ. ಮುಂದೆ ಯಾರೂ ಇಲ್ಲ. ಮುಂದಿನ ಎರಡೂ ಗುಂಡಿಗೆ ರಬ್ಬರ್ ಪಟ್ಟಿ ಬಿಗಿದು ಕಟ್ಟಿದೆ. ಹಿಂದಕ್ಕೆ ಓಡಿದೆ. ಅವನು ಅವಳ ಜಾಗದಲ್ಲಿ, ಆ ಕಂಬಕ್ಕೆ ಭುಜ ಒರಗಿಸಿ ನಿಂತಿದ್ದ. ಎರಡೂ ಕೈ ಮೊಣಕೈವರೆಗೆ ಅಚ್ಚಿನ ಒಳಗೆ! ಬೇರೆ ಯಾವ ಪ್ರೆಸ್ಸಾದ್ರೂ ಪಟ್ಟಿ ಕಟ್ಟಿದ ಕ್ಷಣವೇ ಇಳಿದಿರೋದು. ಇದು ಕೇಳೋವರೆಗೂ ಇಳಿಯಲ್ಲ ಅಂತ ಅವನಿಗೆ ಗೊತ್ತಲ್ಲ...

ಕೇಳ್ತಾ ಇದ್ದ. "ಒತ್ಲಾ?" ಅಂದ. ಇಳೀಲಿಲ್ಲ. "ಒತ್ಲೇನೇ? ಆವತ್ತು ಕೇಳಲಿಲ್ಲ, ತಪ್ಪಾಯ್ತು. ಇವತ್ತು ಕೇಳ್ತಿದೀನಲ್ಲೇ, ಒತ್ಲಾ? ಹ್ಞೂಂ ಅನ್ನೇ... ನಿನ್ನ ಕಾಲಿಗೆ ಬೀಳ್ತೀನಿ, ಹ್ಞೂಂ ಅನ್ನು..." ನಾನು ಒಂದು ಹೆಜ್ಜೆ ಮುಂದಿಟ್ಟೆ, ಮುಟ್ಟಿದ್ರೆ ಏನಾಗುತ್ತೋ ಅಂತ ಅಲ್ಲೇ ನಿಂತೆ. ಆಳೆತ್ತರದ ಅಚ್ಚು ಅವನ ಕೈ ಮೇಲೇ ನಿಂತಿದೆ. ಗಾಲಿ ಗಿರಗಿರ ತಿರುಗ್ತಿದೆ. ಯಾರು ಕೇಳಿದ್ರೂ ಇಳಿಯೋ ಪ್ರೆಸ್ಸು ಅವನು ಅಷ್ಟು ಬೇಡಿಕೊಂಡ್ರೂ ಒಂದು ಕೂದಲೆಳೆ ಇಳೀಲಿಲ್ಲ.

ಆಗ ಕೇಳಿಸ್ತು. ಎಲ್ಲಿಂದಲೋ ಅಲ್ಲ... ಅವನ ಮಗ್ಗುಲಲ್ಲೇ, ನಾನು ಕೈ ಚಾಚಿದ್ರೆ ಸಿಗೋಷ್ಟು ಹತ್ತಿರ. ಹೆಂಗಸಿನ ದನಿ, ಕೆಲಸದ ಮಧ್ಯೆ ಇರೋರು ಹೇಳೋ ಹಾಗೆ, ಒಂದೇ ಮಾತು:

"ತಡಿ."

ಅವನು ತಲೆ ಎತ್ತಿ ನನ್ನ ಮುಖ ನೋಡಿದ. "ನಿಮಗೂ ಕೇಳಿಸ್ತಾ ಅಕ್ಕಾ?" ಅಂದ. ನಾನು ಹ್ಞೂಂ ಅಂದೆ... ಅಂದ ತಕ್ಷಣ ಹೆದರಿದೆ, ಎಲ್ಲಿ ನನ್ನ ಹ್ಞೂಂಗೆ ಅದು ಇಳಿದುಬಿಡುತ್ತೋ ಅಂತ. ಓಡಿ ಹೋಗಿ ಮೇನ್ ಸ್ವಿಚ್ ಎಳೆದೆ. ಅವನು ಕೈ ಈಚೆ ತೆಗೆದು, ಕೆಳಗಿನ ಅಚ್ಚಿನ ಮೇಲೆ ತಲೆ ಇಟ್ಟು ಅತ್ತ. ಗಂಡಸರು ಹಾಗೆ ಅಳೋದನ್ನ ನಾನು ಆಮೇಲೆ ನೋಡಿಲ್ಲ, ನಮ್ಮತ್ತೆ ಹೋದಾಗ ನಮ್ಮೆಜಮಾನರೂ ಹಾಗೆ ಅತ್ತಿರ್ಲಿಲ್ಲ.

ಆ ರಾತ್ರಿ ನಾನು ನಮ್ಮೆಜಮಾನರಿಗೆ ಹೇಳಿದೆ, ಹಿಂದಿನ ಗುಂಡಿ ಪೆಟ್ಟಿಗೆ ವಾಪಸ್ ಹಾಕಿಸದೆ ಆ ಪ್ರೆಸ್ಸು ಈ ಗೇಟು ದಾಟಿದ್ರೆ ನಾನೂ ಅದರ ಜೊತೆಗೇ ಹೋಗ್ತೀನಿ ಅಂತ. ಗೊಣಗಿದ್ರು, ಆದ್ರೆ ನನ್ನ ಮುಖ ನೋಡಿ ಹಾಕಿಸಿದ್ರು. ಮುಂದೆ ತಗಡಿನ ಡಬ್ಬಿ ಮಾಡಿಸೋ ಒಬ್ಬಾಕೆ ಕೊಂಡ್ಲು. ಅವಳ ಶೆಡ್ಡಲ್ಲಿ ಕೆಲಸ ಮಾಡೋರೆಲ್ಲ ಹೆಂಗಸರೇ. ಮುಂದಣ್ಣನೂ ಪ್ರೆಸ್ಸಿನ ಜೊತೆಗೇ ಹೋದ, ಲಾರಿ ಹಿಂದೆ ಅದರ ಪಕ್ಕದಲ್ಲೇ ಕೂತ್ಕೊಂಡು. ಅಲ್ಲಿ ಬಹಳ ವರ್ಷ ಮುಂದೆ ನಿಂತ. ಹಿಂದೆ ಗುಂಡಿ ಇದ್ರೂ ಸರಿ, ಪ್ರತಿ ಸಲ ಕೇಳೋನು. ಹೊಸಬರು ನಗೋರಂತೆ. ನಕ್ಕರೆ ನಗಲಿ, ಹಿಂದಿನವರು ಬಾಯಿ ಬಿಟ್ಟು ಹ್ಞೂಂ ಅನ್ನೋವರೆಗೂ ಒತ್ತುತ್ತಿರ್ಲಿಲ್ಲ.

ಆಮೇಲೆ ಒಂದು ರಾತ್ರಿ ಜ್ವರದಲ್ಲಿ ತೀರಿಹೋದ. ತನ್ನ ಕೋಣೇಲಿ, ಒಬ್ಬನೇ. ಮಾರನೇ ಬೆಳಗ್ಗೆ ಡಬ್ಬಿ ಶೆಡ್ಡಲ್ಲಿ ಸುದ್ದಿ ಇನ್ನೂ ಬಂದಿಲ್ಲ, ಮುಂದಣ್ಣ ತಡ ಮಾಡ್ದ ಅಂತ ಇನ್ನೊಬ್ಬಳನ್ನ ಮುಂದೆ ನಿಲ್ಲಿಸಿದ್ರು. ಅವಳು ತಗಡು ತಳ್ಳಿ ಗುಂಡಿಗೆ ಕೈ ಇಟ್ಟಿದ್ದಾಳೆ, ಬಾಯಿ ತೆಗೆದಿಲ್ಲ... ಅವಳ ಪಕ್ಕದಿಂದ ಗಂಡಸಿನ ದನಿ ಕೇಳ್ತು, "ಒತ್ಲಾ?" ಹಿಂದಿನವಳು ಅವನೇ ಬಂದ ಅಂದ್ಕೊಂಡು ಹ್ಞೂಂ ಅಂದ್ಲು. ಪ್ರೆಸ್ಸು ಇಳೀತು. ಮಧ್ಯಾಹ್ನ ಸುದ್ದಿ ಬಂತು.

ನಿಮಗೆ ಹೆದರಿಕೆ ಆಗುತ್ತಾ? ಅವರಿಗೇನೂ ಇಲ್ಲಪ್ಪ. ರೂಢಿಯಾಗಿಬಿಟ್ಟಿದೆ. ಅವನು ಕೇಳ್ತಾನೆ, ಇವರು ಹ್ಞೂಂ ಅಂತಾರೆ. ಆ ಪ್ರೆಸ್ಸಲ್ಲಿ ಒಬ್ಬರ ಉಗುರೂ ಹೋಗಿಲ್ಲ ಇದುವರೆಗೆ.

ಹೋದ ವಾರ ಆ ಶೆಡ್ಡಿಗೆ ಒಂದು ಕಟಿಂಗ್ ಮಷೀನು ಕೊಡೋಕೆ ಹೋಗಿದ್ದೆ. ಕೆಲಸ ಮುಗಿದಿತ್ತು, ಎಲ್ಲರೂ ಹೊರಗೆ ನಲ್ಲಿ ಹತ್ತಿರ ಕೈ ತೊಳೀತಿದ್ರು. ನಾನೊಬ್ಬಳೇ ಅದನ್ನ ನೋಡೋಣ ಅಂತ ಒಳಗೆ ಹೋದೆ. ಮೇನ್ ಆಫ್ ಆಗಿದೆ, ಗಾಲಿ ನಿಂತಿದೆ. ಪ್ರೆಸ್ಸಿನ ಮುಂದಿನಿಂದ ಅವನು ಕೇಳ್ದ. "ಒತ್ಲಾ?" ಮತ್ತೆ ಕೇಳ್ದ. ಕೆಲಸದ ದನಿ ಅಲ್ಲ ಅದು, ಆ ಮಧ್ಯಾಹ್ನ ನಮ್ಮ ಶೆಡ್ಡಲ್ಲಿ ಕೇಳಿದ್ನಲ್ಲ, ಆ ದನಿ. ಎಷ್ಟೋ ಹೊತ್ತಾದ ಮೇಲೆ ಹಿಂದಿನಿಂದ ಅವಳು ಅಂದ್ಲು, "ತಡಿ." ಕೋಪ ಇರ್ಲಿಲ್ಲ ಕಣ್ರಪ್ಪಾ ಆ ದನೀಲಿ. ಕ್ಷಮಿಸಿದ್ದಾಳೆ ಅಂತಾನೂ ನಾನು ಹೇಳಲ್ಲ. ಕೈ ಒಳಗಿರೋರು ಹೇಳೋ ಹಾಗಿತ್ತು... ಅವಳ ಕೈ ಇನ್ನೂ ಒಳಗೇ ಇದೆ. ಅವನು ಕಾಯ್ತಾ ಇದ್ದಾನೆ.